ಹುಳುಗಳ ಜ್ಞಾನತಾಯಿ

ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಅರ್ಧ ದಾರಿಗೆ ಎಡಕ್ಕೆ ಹೊರಳಿದರೆ ಒಂದು ಸಣ್ಣ ಊರು. ಊರಿನ ತುದಿಯಲ್ಲಿ ಚರ್ಚಿನ ಬೀದಿ. ಬೀದಿ ಎಂದರೆ ಎದುರುಬದುರಾಗಿ ಹತ್ತಾರು ಮನೆ, ಮಧ್ಯೆ ಒಂದು ಬಾವಿ, ಕೊನೆಯಲ್ಲಿ ಹೆಂಚು ಹೊದಿಸಿದ ಪುಟ್ಟ ಚರ್ಚು. ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಈ ಬೀದಿಯಲ್ಲಿ ಇನ್ನಾಸಮ್ಮನಿಗೆ ಹೆದರದವರು ಇಬ್ಬರೇ ಎಂದು ಜನ ಹೇಳುತ್ತಿದ್ದರು. ಒಬ್ಬರು ಅವಳ ಅತ್ತೆ ಅಂತೋಣಮ್ಮ, ಇನ್ನೊಬ್ಬರು ದೇವರು. ದೇವರ ವಿಷಯದಲ್ಲಿ ಕೆಲವರಿಗೆ ಅನುಮಾನವೂ ಇತ್ತು.

ಅನುಮಾನಕ್ಕೆ ಕಾರಣ ಅವಳ ಹುಳುಮನೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲೆಲ್ಲ ಕಟ್ಟುಪಾಡು ಇದ್ದದ್ದೇ, ಇನ್ನಾಸಮ್ಮನ ಮನೆಯಲ್ಲಿ ಅದು ಅತಿಯಾಗಿತ್ತು. ಚಪ್ಪಲಿ ಬೀದಿಯಲ್ಲೇ ಬಿಡಬೇಕು. ಕೈಕಾಲು ತೊಳೆದರೆ ಸಾಲದು, ಒರೆಸಿಕೊಂಡು ಬರಬೇಕು. ಮಲ್ಲಿಗೆ ಮುಡಿದವರು ಒಳಗೆ ಕಾಲಿಡುವಂತಿಲ್ಲ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಇವಳು ಬಾವಿಕಟ್ಟೆಯಿಂದಲೇ ಕೂಗು ಹಾಕುತ್ತಿದ್ದಳು. ಗಂಡ ರಾಯಪ್ಪ ಬೀಡಿ ಸೇದಬೇಕೆಂದರೆ ಹಿಪ್ಪುನೇರಳೆ ತೋಟ ದಾಟಿ ಕೆರೆ ಏರಿಯ ಮೇಲಕ್ಕೆ ಹೋಗಬೇಕು, ಬರುವಾಗ ಬಾಯಿ ಮುಕ್ಕಳಿಸಬೇಕು, ಬಂದಮೇಲೆ ಅವಳ ಮುಂದೆ ಉಸಿರು ಬಿಟ್ಟು ತೋರಿಸಬೇಕು. ದೇವರು ಹತ್ತು ಕಟ್ಟಳೆಗೆ ನಿಲ್ಲಿಸಿದ್ದ. ಇನ್ನಾಸಮ್ಮ ನಿಲ್ಲಿಸಿರಲಿಲ್ಲ. ಸಂಜೆ ಮನೆಮಂದಿ ಜಪಸರ ಹೇಳುವಾಗ ಮಾತೆಯ ಪಟದ ಮುಂದೆ ಸಾಂಬ್ರಾಣಿ ಹಾಕುವುದನ್ನೂ ಹುಳು ಇರುವಷ್ಟು ದಿನ ನಿಲ್ಲಿಸಿಬಿಟ್ಟಿದ್ದಳು. ಅಂತೋಣಮ್ಮ ಸಿಡುಕಿದರೆ, “ಮಾತೆಗೆ ನಾನು ಹೇಳ್ಕೊಂಡಿದೀನಿ ಅತ್ತೆ, ಆಯಮ್ಮನಿಗೆ ಅರ್ಥ ಆಗ್ತದೆ” ಎನ್ನುತ್ತಿದ್ದಳು. ನಿಮಗೆ ಆಗುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಇಷ್ಟು ಜೋರಿನ ಹೆಂಗಸಿಗೆ ಒಂದು ಕಡೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ಅತ್ತು ಮುಗಿಸಿದ್ದಳು. ಮುಗಿಯದೆ ಉಳಿದದ್ದು ಬೇರೆಯೇ ಒಂದು ಆಸೆ. ಬೀದಿಯಲ್ಲಿ ಮಗು ಹುಟ್ಟಿದಾಗಲೆಲ್ಲ ಅದರ ತಲೆಗೆ ಪವಿತ್ರ ನೀರು ಹಾಕುವ ಜ್ಞಾನಸ್ನಾನದ ದಿನ ಯಾರಾದರೂ ಒಬ್ಬಳು ಜ್ಞಾನತಾಯಿಯಾಗಿ ಅದನ್ನು ತೋಳಲ್ಲಿ ಎತ್ತಿಕೊಂಡು ನಿಲ್ಲಬೇಕು. ಚರ್ಚಿನ ಸ್ವಾಮಿಗಳು ಕೇಳಿದ್ದಕ್ಕೆಲ್ಲ ಮಾತು ಬಾರದ ಕೂಸಿನ ಪರವಾಗಿ ಅವಳೇ ಉತ್ತರ ಕೊಡಬೇಕು. ಉತ್ತರ ಕೊಡುವುದರಲ್ಲಿ ಇನ್ನಾಸಮ್ಮನನ್ನು ಮೀರಿಸುವವರು ಆ ಬೀದಿಯಲ್ಲಿ ಯಾರಿದ್ದರು? ಆದರೂ ಅವಳನ್ನು ಒಬ್ಬರೂ ಕರೆದಿರಲಿಲ್ಲ. ಮಡಿಲು ತುಂಬದವಳ ಕೈಗೆ ಕೂಸು ಕೊಡಬಾರದು ಎಂಬುದು ಬೀದಿಯ ಹಿರಿಯರ ಕಟ್ಟು. ಅದು ಯಾವ ಜಪದ ಪುಸ್ತಕದಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಅಂಥವು ಪುಸ್ತಕದಲ್ಲಿ ಇರುವುದೂ ಇಲ್ಲ.

ಈಗ ಅವಳ ಮನೆಯಲ್ಲೇ ಕೂಸು ಬರುವುದರಲ್ಲಿತ್ತು. ಮೈದುನನ ಹೆಂಡತಿ ಲೂರ್ದಮ್ಮ ಐದು ತಿಂಗಳ ಬಸುರಿ. ಬಸುರಿಗೆ ಬೇಕಾದ ಹುಣಿಸೆಕಾಯಿಯಿಂದ ಹಿಡಿದು ಬೆನ್ನಿಗೆ ಹಚ್ಚುವ ಎಣ್ಣೆಯವರೆಗೆ ಎಲ್ಲ ನೋಡಿಕೊಳ್ಳುತ್ತಿದ್ದವಳು ಇನ್ನಾಸಮ್ಮ. ಕೂಸನ್ನು ಎತ್ತಿಕೊಂಡು ನಿಲ್ಲುವವಳು ಮಾತ್ರ ತನ್ನ ತಮ್ಮನ ಮಗಳು ಎಂದು ಅಂತೋಣಮ್ಮ ಆಗಲೇ ತೀರ್ಮಾನ ಮಾಡಿದ್ದಳು. ಸಾಲದ್ದಕ್ಕೆ ಹಿಂದಿನ ಎರಡು ಬೆಳೆ ಹುಳು ಸಪ್ಪೆ ರೋಗ ಹತ್ತಿ ಮೆತ್ತಗಾಗಿ ಸತ್ತಿದ್ದವು. ಬಾವಿಕಟ್ಟೆಯಲ್ಲಿ ಅಂತೋಣಮ್ಮ ಅಂದ ಮಾತು ಅವಳ ಕಿವಿಗೂ ಬಿದ್ದಿತ್ತು. “ಅವಳ ಕೈಲಿ ಹುಳಾನೇ ಉಳಿಯಲ್ಲ. ಇನ್ನು ಕೂಸು ಕೊಡಾಕಾಗ್ತದಾ?”

ಆ ದಿನ ಇನ್ನಾಸಮ್ಮ ಊಟ ಮಾಡಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಹೇಗೂ ನಡೆಯುತ್ತಿದ್ದುದರಿಂದ ಉಪವಾಸವಿರಬೇಕು ಎಂದು ರಾಯಪ್ಪ ತಿಳಿದುಕೊಂಡ. ಒಳ್ಳೆಯವನೇ, ಆದರೆ ಹೆಂಡತಿಯ ಮುಖಕ್ಕಿಂತ ತಟ್ಟೆಯ ಕಡೆ ಹೆಚ್ಚು ಗಮನ ಕೊಡುವ ಮನುಷ್ಯ. ಇನ್ನಾಸಮ್ಮ ಮಾತ್ರ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಈ ಬೆಳೆ ಗೆಲ್ಲಬೇಕು. ಇದೂ ಹೋದರೆ ಮನೆಯ ಕೂಸನ್ನೂ ದೂರದಿಂದಲೇ ನೋಡಬೇಕಾಗುತ್ತದೆ.

ಅದೇ ತಿಂಗಳು ಚರ್ಚಿಗೆ ಹೊಸ ಸ್ವಾಮಿಗಳು ಬಂದರು. ಹೆಸರು ಫಾದರ್ ಲಿಯೋ, ಮಂಗಳೂರು ಕಡೆಯವರು, ಚಿಕ್ಕ ವಯಸ್ಸು, ಶಿಡ್ಲಘಟ್ಟದಲ್ಲಿ ವಾಸ, ಭಾನುವಾರ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಸಮುದ್ರ, ಮೀನು, ತೆಂಗು ನೋಡಿ ಬೆಳೆದವರಿಗೆ ರೇಷ್ಮೆ ಎಂದರೆ ಬಟ್ಟೆ ಅಂಗಡಿಯಲ್ಲಿ ಸಿಗುವ ವಸ್ತು. ಎರಡನೇ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ರಾಯಪ್ಪನನ್ನು ಹಿಡಿದುಕೊಂಡರು.

“ನಿಮ್ಮ ಮನೆಯವರು ಪೂಜೆಗೆ ಬರಲಿಲ್ಲವಲ್ಲ?”

“ಬರಾಕಾಗಲ್ಲ ಸ್ವಾಮಿ. ಮನೇಲಿ ಈ ತಿಂಗಳು ನಾಕ್ನೇ ಜ್ವರ.”

“ನಾಲ್ಕನೆಯದ್ದಾ? ಒಂದೇ ತಿಂಗಳಲ್ಲಿ?”

“ಹೂಂ ಸ್ವಾಮಿ. ಮೂರು ಜ್ವರ ಚೆನ್ನಾಗೇ ಎದ್ವು. ಇದೊಂದು ಎದ್ಬಿಟ್ರೆ ಗೆದ್ದಂಗೆ.”

“ಎಷ್ಟು ಜನಕ್ಕೆ ಉಂಟು?”

ರಾಯಪ್ಪನ ಮನಸ್ಸು ಕೆರೆ ಏರಿಯ ಮೇಲಿನ ಬೀಡಿಯ ಕಡೆಗಿತ್ತು. “ಎಲ್ಲಕ್ಕೂ ಸ್ವಾಮಿ. ನೆನ್ನೆ ಸಾಯಂಕಾಲ ಒಟ್ಗೇ ಮಲಗಿದ್ವು. ಬಾಯಿಗೆ ಏನೂ ಮುಟ್ತಿಲ್ಲ. ತಲೆ ಮೇಲೆತ್ಕೊಂಡು ಹಂಗೇ ಅವೆ.”

ಸ್ವಾಮಿಗಳ ಮುಖದ ಬಣ್ಣ ಇಳಿಯಿತು. “ಸಾವು ನೋವು?”

“ಅಲ್ಲೊಂದು ಇಲ್ಲೊಂದು ಸತ್ತಿರ್ತವೆ. ಆರಿಸಿ ತಿಪ್ಪೆಗೆ ಹಾಕ್ತೀವಿ ಬಿಡಿ, ಅದೇನು ದೊಡ್ಡ ವಿಷ್ಯ ಅಲ್ಲ.”

ಫಾದರ್ ಲಿಯೋ ಮುಂದಿನ ಮಾತಿಗೆ ಕಾಯಲಿಲ್ಲ. ಒಳಗೆ ಓಡಿ, ಸಾಯುವವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಭರಣಿ ತೆಗೆದುಕೊಂಡು, ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಹಿಡಿದು ಬೀದಿಯಲ್ಲಿ ಓಟ ಕಿತ್ತರು. ಸ್ವಾಮಿಗಳು ಎಣ್ಣೆ ಹಿಡಿದು ರಾಯಪ್ಪನ ಮನೆಯ ಕಡೆ ಓಡಿದರೆ ಜನ ಏನು ತಿಳಿಯಬೇಕು? ಆ ಮನೆಯಲ್ಲಿ ಸಾಯುವ ವಯಸ್ಸಿನವಳು ಅಂತೋಣಮ್ಮ ಒಬ್ಬಳೇ. ‘ಅಂತೋಣಮ್ಮ ಹೋಗ್ತಾವಳಂತೆ’ ಎಂಬ ಸುದ್ದಿ ಹಿಂದಿನಿಂದ ಹಬ್ಬಿತು. ಅಂತೋಣಮ್ಮ ಅದೇ ಗುಂಪಿನಲ್ಲಿದ್ದಳು. ಸುದ್ದಿ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಯಾರೋ ಹೋಗ್ತಾ ಇದ್ದಾರೆ ಎಂದಷ್ಟೇ ತಿಳಿದು, ಪಾಪ ಯಾರಿರಬಹುದು ಎಂದು ಅವಳೂ ಎಲ್ಲರ ಜೊತೆ ಓಡಿದಳು.

ಇನ್ನಾಸಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಎಣ್ಣೆ ಒಳಕ್ಕೆ ತರ್ಬೇಡಿ ಸ್ವಾಮಿ.”

“ಸಾಯುವವರಿಗೆ ಇದು ಬೇಕಲ್ಲ ಅಮ್ಮ?”

“ಸಾಯೋರು ಯಾರೂ ಇಲ್ಲ. ಎಣ್ಣೆ ವಾಸನೆ ಹೊಡದ್ರೆ ಸಾಯ್ತವೆ, ಅಷ್ಟೆ. ಜೇಬಲ್ಲಿ ನಶ್ಯದ ಡಬ್ಬಿ ಐತಲ್ಲ, ಅದನ್ನೂ ಆ ಜಗಲಿ ಮೇಲಿಡಿ.”

ನಶ್ಯ, ಎಣ್ಣೆ, ಬೂಟು ಎಲ್ಲ ಜಗಲಿಯ ಮೇಲೆ ಬಿಟ್ಟು, ಕಾಲು ತೊಳೆದು ಒರೆಸಿಕೊಂಡು ಒಳಗೆ ಹೋದ ಫಾದರ್ ಲಿಯೋ ಅಲ್ಲೇ ನಿಂತರು. ಮಬ್ಬು ಬೆಳಕಿನಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಇದ್ದವು. ತಟ್ಟೆ ತುಂಬ ಬೆಳ್ಳಗಿನ ಹುಳುಗಳು. ಒಂದೂ ಅಲುಗಾಡುತ್ತಿಲ್ಲ, ಎಲ್ಲವೂ ತಲೆ ಎತ್ತಿಕೊಂಡು ನಿಂತಿವೆ. ರೇಷ್ಮೆ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ, ಪ್ರತಿ ಸಲವೂ ಸೊಪ್ಪು ಬಿಟ್ಟು ಒಂದು ದಿನ ಹೀಗೆ ಸುಮ್ಮನಿರುತ್ತದೆ, ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು ಎಂದು ಇನ್ನಾಸಮ್ಮ ವಿವರಿಸಿದಳು. ಸ್ವಾಮಿಗಳು ನಕ್ಕ ನಗುವಿಗೆ ಹೊರಗಿದ್ದವರಿಗೆ ಜೀವ ಬಂತು.

“ಉಪವಾಸ ಮಾಡಿ ಪ್ರಾರ್ಥನೆಗೆ ನಿಂತ ಹಾಗೆ ಉಂಟು” ಎಂದರು ಅವರು.

“ನಮ್ಮ ಬೀದಿಯೋರಿಗಿಂತ ವಾಸಿ ಸ್ವಾಮಿ. ಇವು ಅರ್ಧದಲ್ಲಿ ಎದ್ದು ಬೀಡಿ ಸೇದಾಕೆ ಹೋಗಲ್ಲ.”

ರಾಯಪ್ಪ ಬಾಗಿಲಿನಿಂದ ಸ್ವಲ್ಪ ಹಿಂದೆ ಸರಿದ. ಸಮಯ ನೋಡಿ ಇನ್ನಾಸಮ್ಮ ತನ್ನ ಮಾತು ಹೇಳಿದಳು. ಎರಡು ಬೆಳೆ ಹೋಗಿದೆ, ಇದೊಂದು ಕೈ ಹಿಡಿಯಬೇಕು, ಒಂದು ಆಶೀರ್ವಾದ ಕೊಡಿ. ಹುಳುವಿಗೆ ಕೊಡುವ ಆಶೀರ್ವಾದ ಇದೆಯೋ ಇಲ್ಲವೋ ಸ್ವಾಮಿಗಳಿಗೂ ಗೊತ್ತಿರಲಿಲ್ಲ. ಪುಸ್ತಕ ನೋಡಿ ಬರುತ್ತೇನೆ ಎಂದು ಹೋದರು.

ನಾಲ್ಕನೇ ಜ್ವರ ಚೆನ್ನಾಗಿ ಎದ್ದಿತು. ಹುಳುಗಳು ಹಗಲು ರಾತ್ರಿ ಸೊಪ್ಪು ಮುಗಿಸತೊಡಗಿದವು. ಬುಧವಾರ ಬೆಳಗ್ಗೆ ಫಾದರ್ ಲಿಯೋ ಸೈಕಲ್ಲಿನ ಹಿಂದೆ ದಪ್ಪ ಪುಸ್ತಕ ಕಟ್ಟಿಕೊಂಡು ಬಂದರು. ಅವರ ಮುಖ ಊರಗಲವಾಗಿತ್ತು. ಪೂಜಾವಿಧಿಯ ಲತೀನ್ ಪುಸ್ತಕದಲ್ಲಿ ಜೇನುಹುಳುವಿಗೊಂದು ಆಶೀರ್ವಾದ, ಬಾವಿಗೊಂದು ಆಶೀರ್ವಾದ, ಹಾಗೆಯೇ ರೇಷ್ಮೆ ಹುಳುವಿಗೂ ಒಂದು ಆಶೀರ್ವಾದ ಸಿಕ್ಕಿತ್ತು. ಯಾವ ಕಾಲದ್ದೋ, ಯಾವ ದೇಶದ ರೈತನಿಗೆ ಬೇಕಾಗಿ ಬರೆದದ್ದೋ, ಈ ಊರಿನ ಇನ್ನಾಸಮ್ಮನಿಗಾಗಿಯೇ ಕಾದಿದ್ದ ಹಾಗಿತ್ತು. ಬೀದಿಯವರೆಲ್ಲ ಸೇರಿದರು. ಪಕ್ಕದ ಬೀದಿಯ ಓಬಳಮ್ಮನೂ ಸೊಪ್ಪಿನ ಹೊರೆ ಇಳಿಸಿ ನಿಂತಳು. ಅವಳ ಮನೆಯಲ್ಲೂ ಹುಳುವಿತ್ತು. ಹುಳುವಿಗೆ ಸ್ವಾಮಿಗಳು ಏನು ಮಾಡುತ್ತಾರೆ ಎಂಬ ಕುತೂಹಲಕ್ಕೆ ಜಾತಿ ಅಡ್ಡ ಬರುವುದಿಲ್ಲವಲ್ಲ.

ತೊಡಕು ಬಂದದ್ದು ಪ್ರಾರ್ಥನೆಯ ಕೆಳಗೆ ಕೆಂಪು ಅಕ್ಷರದಲ್ಲಿದ್ದ ಕೊನೆಯ ಸಾಲಿನಿಂದ. ಪವಿತ್ರ ನೀರು ಚಿಮುಕಿಸಬೇಕು ಎಂದಿತ್ತು ಅದರಲ್ಲಿ. ಫಾದರ್ ಲಿಯೋ ತಾಮ್ರದ ಬಿಂದಿಗೆಯನ್ನೂ ನೀರು ಚಿಮುಕಿಸುವ ಕುಂಚವನ್ನೂ ತಂದಿದ್ದರು.

“ನೀರಾ?” ಇನ್ನಾಸಮ್ಮ ಬಾಗಿಲಿಗೆ ಮತ್ತೆ ಅಡ್ಡ ನಿಂತಳು. “ಸೊಪ್ಪಿನ ಮೇಲೆ ಇಬ್ಬನಿ ಇದ್ರೇ ಸಪ್ಪೆ ಹತ್ತತದೆ. ಒರೆಸಿ ಒರೆಸಿ ಹಾಕ್ತಾ ಇದೀನಿ ಸ್ವಾಮಿ.”

“ನಾಲ್ಕು ಹನಿ, ಅಮ್ಮ. ಪವಿತ್ರ ಮಾಡಿದ ನೀರು.”

“ಅದು ಪವಿತ್ರ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಹುಳಕ್ಕೆ ಗೊತ್ತಾ?”

ಸ್ವಾಮಿಗಳು ಗಡ್ಡ ಕೆರೆದುಕೊಂಡರು. “ಪುಸ್ತಕ ಬರೆದವರು ಎಂತ ಯೋಚನೆ ಮಾಡಿದರೋ. ನೀರು ಇಲ್ಲದೆ ಬರೀ ಪ್ರಾರ್ಥನೆ ಹೇಳಿದರೆ ಅದು ಒಣ ಆಶೀರ್ವಾದ ಆಗ್ತದೆ.”

“ಒಣದೇ ಕೊಡಿ ಸ್ವಾಮಿ. ನಮಗೆ ಬೇಕಾಗಿರೋದೂ ಒಣದೇ.”

ಅಂತೋಣಮ್ಮ ಜನರ ಮಧ್ಯದಿಂದ ಮುಂದೆ ಬಂದಳು. “ಒಣ ಮಾತು, ಒಣ ಉಪಚಾರ ಕೇಳಿದೀನಿ. ಒಣ ಆಶೀರ್ವಾದ ಈಗ್ಲೇ ಕೇಳ್ತಾ ಇರೋದು. ಅದು ತಟ್ಟಲ್ಲ ಸ್ವಾಮಿ. ನಾಳೆ ಹುಳ ಹೋದ್ರೆ ನೀರು ಬಿದ್ದಿರ್ಲಿಲ್ಲ, ಅದಕ್ಕೇ ಹೋಯ್ತು ಅಂತಾರೆ ಜನ.” ಹಾಗೆ ಅನ್ನುವ ಜನ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನಾಸಮ್ಮ ಇಕ್ಕಟ್ಟಿಗೆ ಸಿಕ್ಕಿಕೊಂಡಳು. ನೀರು ಬಿದ್ದರೆ ಹುಳು ಹೋಗುತ್ತದೆ, ಬೀಳದಿದ್ದರೆ ಹೆಸರು ಹೋಗುತ್ತದೆ. ಎರಡರಲ್ಲಿ ಯಾವುದು ಹೋದರೂ ಲೂರ್ದಮ್ಮನ ಕೂಸು ತನ್ನ ಕೈಗೆ ಬರುವುದಿಲ್ಲ. ಜಗಲಿಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಲೂರ್ದಮ್ಮನ ಕಡೆ ಅವಳ ಕಣ್ಣು ಹೋಯಿತು. ಅಲ್ಲೇ ದಾರಿಯೂ ಹೊಳೆಯಿತು.

“ನೀರು ಯಾಕೆ ಹಾಕೋದು ಸ್ವಾಮಿ?”

“ದೇವರ ದಯೆ ಮುಟ್ಟಿತು ಅಂತ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ.”

“ಕೂಸಿಗೆ ಜ್ಞಾನಸ್ನಾನ ಕೊಡೋವಾಗ ಅದಕ್ಕೆ ಮಾತು ಬರಲ್ಲ ಅಂತ ಜ್ಞಾನತಾಯಿ ಮಾತಾಡಲ್ವಾ?”

“ಮಾತಾಡ್ತಾಳೆ.”

“ಹಂಗೇ ಇವಕ್ಕೆ ನೀರು ಆಗಲ್ಲ. ಇವುಗಳ ಪರವಾಗಿ ನಾನು ನಿಂತ್ಕೊತೀನಿ. ನೀರು ನನ್ನ ಮೇಲೆ ಹಾಕಿ, ದಯೆ ಒಳಕ್ಕೆ ಹೋಗ್ಲಿ.”

ಫಾದರ್ ಲಿಯೋ ಪುಸ್ತಕದ ಕೆಂಪು ಸಾಲನ್ನು ಇನ್ನೊಮ್ಮೆ ಓದಿದರು. ನೀರು ಚಿಮುಕಿಸಬೇಕು ಎಂದಿತ್ತೇ ಹೊರತು ಯಾರ ಮೇಲೆ ಎಂದು ಬಿಡಿಸಿ ಹೇಳಿರಲಿಲ್ಲ. ಅವರ ಮುಖ ಅರಳಿತು. ಆದರೂ ಎಚ್ಚರಿಕೆಯ ಮನುಷ್ಯ. ಜನರ ಕಡೆ ತಿರುಗಿ, ಇದು ಜ್ಞಾನಸ್ನಾನ ಅಲ್ಲ, ಹುಳುವಿಗೆ ಜ್ಞಾನಸ್ನಾನ ಇಲ್ಲ, ಇದು ಬರೀ ಆಶೀರ್ವಾದ ಎಂದು ಮತ್ತೆ ಮತ್ತೆ ಹೇಳಿದರು. ಜನ ತಲೆಯಾಡಿಸಿದರು. ಹುಳುವಿಗೆ ಜ್ಞಾನಸ್ನಾನವಂತೆ ಎಂದು ಹಿಂದಿನವರಿಗೆ ಹೇಳಿದರು.

ಬಾಗಿಲಲ್ಲಿ ನಿಂತು ಲತೀನಿನಲ್ಲಿ ಪ್ರಾರ್ಥನೆ ಆಯಿತು. ಹುಳುಗಳು ತಲೆ ಎತ್ತಲಿಲ್ಲ, ತಿನ್ನುವುದರಲ್ಲಿದ್ದವು. ಇನ್ನಾಸಮ್ಮ ಸೆರಗು ಹೊದ್ದು ಅಂಗಳದಲ್ಲಿ ಮಂಡಿಯೂರಿದಳು. ಅಷ್ಟು ತಟ್ಟೆ ಹುಳುವಿನ ಪಾಲಿನ ನೀರಲ್ಲವೇ ಎಂದು ಸ್ವಾಮಿಗಳು ಧಾರಾಳವಾಗಿಯೇ ಕುಂಚ ಬೀಸಿದರು. ಒಂದು ಸಲ, ಇನ್ನೊಂದು ಸಲ, ಆಮೇಲೆ ಹುರುಪು ಹೆಚ್ಚಾಗಿ ಮತ್ತಷ್ಟು. ಕೊನೆಗೆ ಬಿಂದಿಗೆಯ ತಳದಲ್ಲಿ ಉಳಿದದ್ದನ್ನು ಯಾಕೆ ಹಿಂದಕ್ಕೆ ಒಯ್ಯುವುದು ಎಂದು ಅದನ್ನೂ ತಲೆಯ ಮೇಲೆ ಸುರಿದರು. ಇನ್ನಾಸಮ್ಮ ಎದ್ದು ನಿಂತಾಗ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಗ ಬಂತು ನಿಜವಾದ ಫಜೀತಿ. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಒದ್ದೆ ಮೈಯಲ್ಲಿ ಹುಳುಮನೆಗೆ ಕಾಲಿಡುವಂತಿಲ್ಲ ಎಂಬ ಕಟ್ಟಳೆ ಅವಳೇ ಮಾಡಿದ್ದು. ಹಾಗೆಂದು ಒರೆಸಿಕೊಳ್ಳುವಂತೆಯೂ ಇಲ್ಲ. ಪವಿತ್ರ ನೀರನ್ನು ಟವಲಿನಲ್ಲಿ ಒರೆಸುವುದುಂಟೇ, ಅದೂ ಹುಳುಗಳಿಗಾಗಿ ಹಾಕಿಸಿಕೊಂಡದ್ದನ್ನು? ಒರೆಸಿದರೆ ಆಶೀರ್ವಾದವೆಲ್ಲ ಟವಲಿಗೆ ಹೋದ ಹಾಗೆ. ಅದು ತಾನಾಗಿಯೇ ಆರಬೇಕು. ಇನ್ನಾಸಮ್ಮ ಅಂಗಳದ ಮಧ್ಯೆ ಬಿಸಿಲಿಗೆ ಕೈ ಅಗಲಿಸಿ ನಿಂತುಕೊಂಡಳು. ರಾಯಪ್ಪ ಒಳಗೆ ಸೊಪ್ಪು ಹಾಕಿದ. ಅವಳು ಹೊರಗಿನಿಂದಲೇ ನಡೆಸಿದಳು.

“ಮೇಲಿನ ತಟ್ಟೆಗೆ ಎಳೇ ಸೊಪ್ಪು ಹಾಕ್ಬೇಡ. ಕೈ ಒರೆಸ್ಕೊಂಡ್ಯಾ? ಉಸಿರು ಬಿಡ್ಬೇಡ ಅವುಗಳ ಮೇಲೆ.”

“ಉಸಿರು ಬಿಡ್ದೆ ಹೆಂಗಿರ್ಲಿ?” ಎಂದು ಒಳಗಿನಿಂದ ರಾಯಪ್ಪನ ದನಿ ಬಂತು.

ಓಬಳಮ್ಮ ಸೊಪ್ಪಿನ ಹೊರೆ ತಲೆಗೇರಿಸಿಕೊಂಡು ಹೊರಟವಳು ನಿಂತು ನೋಡಿದಳು. “ಏಮಮ್ಮಾ ಇನ್ನಾಸಮ್ಮ, ಹಪ್ಪಳ ಒಣಗಿಸ್ದಂಗೆ ನಿಂತಿದೀಯಲ್ಲ?” ಇನ್ನಾಸಮ್ಮ ಬೆನ್ನು ಆರಿದ ಮೇಲೆ ಹೊಟ್ಟೆಯನ್ನು ಬಿಸಿಲಿಗೆ ತಿರುಗಿಸಿದಳು. ಜನಕ್ಕೆ ನಗು. ಅವಳಿಗೆ ಒಳಗೊಳಗೆ ಏನೋ ಹಿತ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಯಾರದೋ ಪರವಾಗಿ ನಿಂತಿದ್ದಳು.

ಆ ಬೆಳೆ ಗೆದ್ದಿತು. ಹುಳು ಹಣ್ಣಾಗಿ, ಸುರುಳಿ ಹೆಣೆದ ಬಿದಿರಿನ ತಟ್ಟಿಗಳಾದ ಚಂದ್ರಿಕೆಗಳ ತುಂಬ ಒತ್ತೊತ್ತಾಗಿ ಗೂಡು ಕಟ್ಟಿದವು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಸಾಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ, ಇದು ಯಾರ ಸಾಕಾಣಿಕೆ ಎಂದು ಕೇಳಿದರಂತೆ. ರಾಯಪ್ಪ ನನ್ನದೇ ಎಂದನಂತೆ. ಅದನ್ನು ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಮಾಡಲಿಲ್ಲ.

ಆಶೀರ್ವಾದದಿಂದ ಗೆದ್ದಿತೋ, ಸೊಪ್ಪು ಒರೆಸಿದ್ದರಿಂದ ಗೆದ್ದಿತೋ ಎಂದು ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನಾಸಮ್ಮನಿಗೆ ‘ಹುಳುಗಳ ಜ್ಞಾನತಾಯಿ’ ಎಂದು ಹೆಸರು ಬಿತ್ತು. ಮೊದಲು ತಮಾಷೆಗೆ ಕರೆದರು. ಮುಂದಿನ ಬೆಳೆಗೆ ಬೀದಿಯ ಇನ್ನೆರಡು ಮನೆಯವರು ಬಂದು, ಸ್ವಾಮಿಗಳನ್ನು ಕರೆಸಿದೀವಿ, ನಮ್ಮ ಹುಳಕ್ಕೂ ನೀನೇ ನಿಲ್ಲಬೇಕು ಎಂದಾಗ ಅದು ತಮಾಷೆಯಾಗಿ ಉಳಿಯಲಿಲ್ಲ. ಆಮೇಲೆ ಓಬಳಮ್ಮನೂ ಬಂದಳು. “ನಮ್ಮ ಗಂಗಮ್ಮನಿಗೂ ಹೇಳ್ಕೊಂಡಿದೀನಿ. ನಿಮ್ಮದೂ ಒಂದು ಇರ್ಲಿ. ನೀನು ಬಂದು ನೆಂದ್ಬಿಡಮ್ಮ.” ಇನ್ನಾಸಮ್ಮ ಹೋದಳು, ನೆಂದಳು, ಅವಳ ಅಂಗಳದಲ್ಲೂ ನಿಂತು ಆರಿದಳು. ಒಂದು ಸಲ ಮೋಡ ಕವಿದು ಸಂಜೆಯವರೆಗೆ ಆರದೆ ನೆಗಡಿಯಾಯಿತು. ಜ್ಞಾನತಾಯಿಗೇ ಜ್ವರ ಬಂತು ಎಂದು ಜನ ನಕ್ಕರು. ಫಾದರ್ ಲಿಯೋ ಮಾತ್ರ, ಈ ಸುದ್ದಿ ಬೆಂಗಳೂರಿನ ದೊಡ್ಡ ಸ್ವಾಮಿಗಳಾದ ಮೇತ್ರಾಣಿಗಳ ಕಿವಿಗೆ ಯಾವ ರೂಪದಲ್ಲಿ ಮುಟ್ಟುವುದೋ ಎಂದು ದಿಗಿಲುಪಡುತ್ತ, ಅದು ಜ್ಞಾನಸ್ನಾನ ಅಲ್ಲ ಎಂದು ಪ್ರತಿ ಭಾನುವಾರ ಪ್ರಸಂಗದಲ್ಲಿ ಹೇಳತೊಡಗಿದರು.

ಲೂರ್ದಮ್ಮನಿಗೆ ಗಂಡು ಮಗುವಾಯಿತು. ಜ್ಞಾನಸ್ನಾನದ ಬೆಳಗ್ಗೆ ಅಂತೋಣಮ್ಮನ ತಮ್ಮನ ಮಗಳು ಜರಿ ಸೀರೆ ಉಟ್ಟು ಬಂದು ಕೂತಳು. ಇನ್ನಾಸಮ್ಮ ಯಾರ ಕಡೆಗೂ ನೋಡದೆ ಒಲೆಯ ಮುಂದೆ ಪಾಯಸ ಕಲಕುತ್ತಿದ್ದಳು. ಸೌದೆ ಒಣಗಿತ್ತು, ಹೊಗೆ ಇರಲಿಲ್ಲ, ಕಣ್ಣೊರೆಸಿಕೊಳ್ಳಲು ಒಂದು ನೆಪವೂ ಸಿಗಲಿಲ್ಲ. ಬಾಣಂತಿ ಹೊಸಿಲು ದಾಟುವಂತಿಲ್ಲವಾದ್ದರಿಂದ ಕೂಸನ್ನು ಒಳಗಿನಿಂದ ಅಂತೋಣಮ್ಮನ ಕೈಗೆ ಕೊಡಬೇಕಿತ್ತು. ಲೂರ್ದಮ್ಮ ಕೊಡಲಿಲ್ಲ.

“ಅಕ್ಕಂಗೇ ಕೊಡ್ತೀನಿ ಅತ್ತೆ.”

“ಮಡಿಲು ತುಂಬಿದೋಳು ಎತ್ಕೋಬೇಕು ಕಣೇ. ಹಿಂದಿನಿಂದ ಬಂದಿರೋದು.”

“ಇಡೀ ಊರಿನ ಹುಳಕ್ಕೆ ಅವಳೇ ನಿಂತಳು. ಒಂದು ಮನೇಲಾದ್ರೂ ಸಪ್ಪೆ ಹತ್ತಿತಾ ಹೇಳಿ.”

ಕಟ್ಟುಕಟ್ಟಳೆಯನ್ನು ಅಂತೋಣಮ್ಮನಷ್ಟು ನಂಬಿದವರು ಬೀದಿಯಲ್ಲಿ ಇರಲಿಲ್ಲ. ನಂಬಿದವಳಾದ್ದರಿಂದಲೇ ಲೆಕ್ಕ ತಪ್ಪಿಸಲು ಅವಳಿಂದ ಆಗಲಿಲ್ಲ. ಜ್ಞಾನತಾಯಿಯಾಗಿ ಎತ್ತಿಕೊಂಡ ಮೊದಲ ಕೂಸು ಯಾರ ಕೈಯಲ್ಲಿ ಚೆನ್ನಾಗಿ ಬೆಳೆಯಿತೋ ಆ ಕೈ ಒಳ್ಳೆಯದು ಎಂಬುದೂ ಅವಳೇ ಹೇಳಿಕೊಂಡು ಬಂದ ಕಟ್ಟಳೆ. ತಮ್ಮನ ಮಗಳ ಜರಿ ಸೀರೆಯನ್ನು ಒಂದು ಸಲ, ಒಲೆಯ ಕಡೆಯ ಬೆನ್ನನ್ನು ಒಂದು ಸಲ ನೋಡಿದಳು.

“ಏಳೇ ಇನ್ನಾಸಮ್ಮ, ಪಾಯಸ ಅವಳು ನೋಡ್ಕೊತಾಳೆ. ಸೀರೆ ಬದಲಾಯಿಸು” ಎಂದಳು. ಆಮೇಲೆ ಸೋತ ಹಾಗೆ ಕಾಣಬಾರದೆಂದು, “ಇಷ್ಟೊಂದು ಮಕ್ಕಳಿರೋಳು ಊರಲ್ಲಿ ಬೇರೆ ಯಾರಿದಾರೆ” ಎಂದು ಸೇರಿಸಿದಳು.

ಚರ್ಚಿನಲ್ಲಿ ಇನ್ನಾಸಮ್ಮ ಕೂಸನ್ನು ಎತ್ತಿಕೊಂಡು ನಿಂತಳು. ಸ್ವಾಮಿಗಳು ಕೇಳಿದ್ದಕ್ಕೆಲ್ಲ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು. ಸೈತಾನನನ್ನು ಬಿಡುತ್ತೀಯಾ ಎಂದಾಗ ಅವಳು ಬಿಡುತ್ತೇನೆ ಎಂದ ರೀತಿಗೆ ಸೈತಾನ ಎಲ್ಲಿದ್ದರೂ ಓಡಿಹೋಗಬೇಕಿತ್ತು. ಕೊನೆಗೆ ಫಾದರ್ ಲಿಯೋ ನೀರಿನ ಬಟ್ಟಲು ಎತ್ತಿದರು. ಬಟ್ಟಲು ಬಾಗುವುದನ್ನು ಕಂಡದ್ದೇ ತಡ, ಇನ್ನಾಸಮ್ಮ ಕೂಸನ್ನು ಸರಕ್ಕನೆ ಎದೆಗೆ ಒತ್ತಿ, ಸೆರಗು ಮುಚ್ಚಿ, ತನ್ನ ತಲೆಯನ್ನು ಮುಂದಕ್ಕೆ ಒಡ್ಡಿದಳು. ನೀರೆಲ್ಲ ಅವಳ ತಲೆಯ ಮೇಲೆ ಬಿತ್ತು.

ಫಾದರ್ ಲಿಯೋ ಖಾಲಿ ಬಟ್ಟಲನ್ನು ಕೆಳಗಿಳಿಸಿದರು.

“ಇನ್ನಾಸಮ್ಮ” ಎಂದರು ಸ್ವಾಮಿಗಳು ಮೆಲ್ಲಗೆ, “ಇದಕ್ಕೆ ನೀರು ಹಾಕಬಹುದು.”

ಜನ ನಕ್ಕ ಸದ್ದಿಗೆ ಕೂಸು ಎಚ್ಚರವಾಗಿ ಅತ್ತಿತು. ಬಟ್ಟಲನ್ನು ಮತ್ತೆ ತುಂಬಿಸಿದರು. ಈ ಸಲ ಇನ್ನಾಸಮ್ಮ ಎರಡು ಕೈಯಲ್ಲಿ ಕೂಸಿನ ತಲೆಯನ್ನು ನೀರಿಗೆ ಹಿಡಿದಳು. ನೀರು ಪುಟ್ಟ ನೆತ್ತಿಯಿಂದ ಅವಳ ಬೆರಳುಗಳ ಸಂದಿಯಲ್ಲಿ ಹರಿದುಹೋಯಿತು. ಅವಳಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟಳು. ಮುಖದ ಮೇಲೆ ಕಣ್ಣೀರು ಯಾವುದು, ಪವಿತ್ರ ನೀರು ಯಾವುದು ಎಂದು ಹೇಳುವ ಹಾಗಿರಲಿಲ್ಲ.

ಅಂತೋಣಮ್ಮ ಪಕ್ಕಕ್ಕೆ ಬಂದು ತನ್ನ ಸೆರಗಿನ ತುದಿಯನ್ನು ಸೊಸೆಯ ಮುಖದ ಹತ್ತಿರ ತಂದಳು.

“ಬೇಡ ಅತ್ತೆ” ಎಂದಳು ಇನ್ನಾಸಮ್ಮ. “ಒರೆಸ್ಬೇಡಿ. ತಾನಾಗೇ ಆರ್ಲಿ.”